ಜೂನ್ 1ರಂದು ಹುಟ್ಟಿದವರು: ದತ್ತಾಂಶ ಗಣಿಗಾರಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಡೇಟಾಬೇಸ್‌ಗಳೊಂದಿಗೆ ಹೊತ್ತು ಕಳೆಯುವುದೇ ನನ್ನ ಹೊಟ್ಟೆಪಾಡು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು "ಏನು ಕೆಲಸ ಮಾಡುತ್ತೀರಿ?" ಎಂದು ವಿಚಾರಿಸುತ್ತಾರೆ. ಹೇಳಿದ ಮೇಲೆ ಅವರು ಕೇಳುವ ಪ್ರಶ್ನೆಗಳು ಎಲ್ಲ ಮದುವೆಗಳಲ್ಲೂ ಹೆಚ್ಚು ಕಡಿಮೆ ಒಂದೇ. ಹೋಳಿಗೆ ಬಡಿಸಿಕೊಂಡು ಬರುವಷ್ಟರಲ್ಲಿ ಹೇಳಿ ಮುಗಿಸಲಾಗದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ದತ್ತಾಂಶ ಗಣಿಗಾರಿಕೆ ಎಂದರೆ ಏನು? ಗಣಿಗೂ ಕಂಪ್ಯೂಟರಿಗೂ ಏನು ಸಂಬಂಧ?

ರಾಶಿ ರಾಶಿಯಾಗಿ ಸಂಗ್ರಹವಾದ ಮಾಹಿತಿಯೊಳಗಿಂದ, ಯಾರೂ ಬೇಕೆಂದು ಬರೆದಿಡದ ಆದರೆ ಅಲ್ಲಿ ಅಡಗಿರುವ ತಿಳಿವಳಿಕೆಯನ್ನು ಹೊರತೆಗೆಯುವ ಕೆಲಸ ಇದು. ಉಸಾಮಾ ಫಯ್ಯಾದ್, ಗ್ರೆಗರಿ ಪಿಯಾಟೆಟ್‌ಸ್ಕಿ ಶಪೀರೊ ಮತ್ತು ಪಾಡ್ರಿಕ್ ಸ್ಮಿತ್ ಎಂಬ ಮೂವರು 1996ರಲ್ಲಿ ಕೊಟ್ಟ ವ್ಯಾಖ್ಯೆ ಇಂದಿಗೂ ಬಳಕೆಯಲ್ಲಿದೆ. ಅದರ ಸಾರ ಇಷ್ಟು: ಸಿಕ್ಕಿದ ವಿನ್ಯಾಸ (ಮಾಹಿತಿಯಲ್ಲಿ ಮತ್ತೆ ಮತ್ತೆ ಕಾಣುವ ಮಾದರಿ) ಸರಿಯಿರಬೇಕು, ಹೊಸದಿರಬೇಕು, ಉಪಯೋಗಕ್ಕೆ ಬರುವಂತಿರಬೇಕು, ಕೊನೆಗೆ ಮನುಷ್ಯನಿಗೆ ಅರ್ಥವಾಗಬೇಕು. ನಾಲ್ಕೂ ಒಟ್ಟಿಗೆ ಕೂಡಿಬರುವುದು ಅಪರೂಪ. ಸರಿಯಾಗಿದ್ದದ್ದು ಹಳೆಯದಾಗಿರುತ್ತದೆ, ಹೊಸದೆಂದು ಕಂಡದ್ದು ತಪ್ಪಾಗಿರುತ್ತದೆ.

ಗಣಿಯ ಹೋಲಿಕೆ ನಮ್ಮವರಿಗೆ ಬೇಗ ಹಿಡಿಸುತ್ತದೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಇಂದು ಕೆಜಿಎಫ್‌ಗೆ ಹೋದವರ ಕಣ್ಣಿಗೆ ಚಿನ್ನ ಬೀಳುವುದಿಲ್ಲ, ಸೈನೈಡ್ ದಿಬ್ಬಗಳು ಬೀಳುತ್ತವೆ. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳವು. ನಮ್ಮ ಕೆಲಸದ ದಿಬ್ಬ ಕಣ್ಣಿಗೆ ಕಾಣದು ಅಷ್ಟೇ, ಇರುವುದಂತೂ ಹೌದು.

ಡೇಟಾಬೇಸಿನಲ್ಲಿ ಹುಡುಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಭೂಮಿ ಯೋಜನೆ ಬಂದಾಗ, ಅಂದರೆ 2000ದ ಆಸುಪಾಸಿನಲ್ಲಿ, ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಬಂದವು. ಸರ್ವೆ ನಂಬರ್ ಹೇಳಿದರೆ ಪಹಣಿ ಬರುತ್ತದೆ. ಇದು ಹುಡುಕಾಟ. ಏನು ಬೇಕೆಂದು ಕೇಳುವವರಿಗೆ ಮೊದಲೇ ಗೊತ್ತು. "ಯಾವ ಹೋಬಳಿಗಳಲ್ಲಿ ರಾಗಿ ಬಿಟ್ಟು ಬೇರೆ ಬೆಳೆಗೆ ಹೋಗುವ ರೈತರು ಒಂದೇ ತೆರನಾಗಿ ನಡೆದುಕೊಳ್ಳುತ್ತಾರೆ, ಬಿಡುವ ಮೊದಲು ಏನೇನು ಬದಲಾಗಿರುತ್ತದೆ?" ಎಂದು ಅದೇ ದಾಖಲೆಗಳನ್ನು ಕೇಳಿದರೆ ಉತ್ತರ ಯಾವ ಸಾಲಿನಲ್ಲೂ ಬರೆದಿಲ್ಲ. ಸಾಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಮಾತ್ರ ಕಾಣಬೇಕು. ಅದು ಗಣಿಗಾರಿಕೆ.

ಇದು ಯಾವಾಗ ಶುರುವಾಯಿತು?

ಮೊದಲ ಕಾರ್ಯಾಗಾರವನ್ನು ಪಿಯಾಟೆಟ್‌ಸ್ಕಿ ಶಪೀರೊ ಅವರು 1989ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆಸಿದರು. 1995ರಲ್ಲಿ ಮಾಂಟ್ರಿಯಲ್‌ನಲ್ಲಿ ಪೂರ್ಣ ಪ್ರಮಾಣದ ಸಮ್ಮೇಳನವಾಯಿತು. ಬಾರ್‌ಕೋಡ್ ಯಂತ್ರಗಳು ಬಂದು ಅಂಗಡಿಗಳ ಪ್ರತಿ ಬಿಲ್ಲೂ ತನ್ನಷ್ಟಕ್ಕೆ ದಾಖಲಾಗತೊಡಗಿದ್ದ ಕಾಲ. ಬಿಲ್ಲುಗಳು ಬೆಟ್ಟದಷ್ಟಾದ ಮೇಲೆ ಅವುಗಳಿಂದ ಏನಾದರೂ ಸಿಗಬಹುದೇ ಎಂಬ ಆಸೆ ಹುಟ್ಟಿದ್ದು ಸಹಜ.

ಅಂಗಡಿ ಬಿಲ್ಲಿನಿಂದ ಏನು ತಾನೇ ಗೊತ್ತಾದೀತು?

ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ದಿನಸಿ ಅಂಗಡಿಯ 1,000 ಬಿಲ್ಲುಗಳು ನಮ್ಮ ಮುಂದಿವೆ ಎಂದಿಟ್ಟುಕೊಳ್ಳಿ. 200 ಬಿಲ್ಲುಗಳಲ್ಲಿ ಚಹಾಪುಡಿ ಇದೆ, 600ರಲ್ಲಿ ಸಕ್ಕರೆ ಇದೆ, 130ರಲ್ಲಿ ಎರಡೂ ಇವೆ. ಚಹಾಪುಡಿ ಕೊಂಡವರಲ್ಲಿ ನೂರಕ್ಕೆ 65 ಮಂದಿ ಸಕ್ಕರೆಯನ್ನೂ ಕೊಂಡಿದ್ದಾರೆ. ಅಬ್ಬಾ, ನಂಟು ಸಿಕ್ಕಿತು ಎನ್ನಬಹುದೇ? ಇಲ್ಲ. ಚಹಾಪುಡಿಯ ಗೊಡವೆಯೇ ಇಲ್ಲದೆ ನೋಡಿದರೂ ನೂರರಲ್ಲಿ 60 ಬಿಲ್ಲುಗಳಲ್ಲಿ ಸಕ್ಕರೆ ಇದ್ದೇ ಇದೆ. 65ನ್ನು 60ರಿಂದ ಭಾಗಿಸಿದರೆ 1.08. ಅಂದರೆ ಚಹಾಪುಡಿಯಿಂದ ಸಕ್ಕರೆಗೆ ಸಿಕ್ಕ ನೂಕು ಇಷ್ಟೇ ಇಷ್ಟು.

ಈಗ ಶಾವಿಗೆ ನೋಡಿ. 40 ಬಿಲ್ಲುಗಳಲ್ಲಿ ಶಾವಿಗೆ, 50ರಲ್ಲಿ ಗೋಡಂಬಿ, 20ರಲ್ಲಿ ಎರಡೂ. ಶಾವಿಗೆ ಕೊಂಡವರಲ್ಲಿ ಅರ್ಧದಷ್ಟು ಜನ ಗೋಡಂಬಿ ಕೊಂಡಿದ್ದಾರೆ. ಒಟ್ಟು ಬಿಲ್ಲುಗಳಲ್ಲಿ ಗೋಡಂಬಿ ಇರುವುದು ನೂರಕ್ಕೆ 5. ಭಾಗಿಸಿದರೆ 10. ಇದು ನಿಜವಾದ ನಂಟು. ಯಂತ್ರ ಹೆಮ್ಮೆಯಿಂದ ಇದನ್ನು ಪಟ್ಟಿಯ ನೆತ್ತಿಯಲ್ಲಿ ಇಡುತ್ತದೆ. ಅಂಗಡಿಯವರಿಗೆ ತೋರಿಸಿದರೆ ಅವರು ನಕ್ಕು, "ಪಾಯಸಕ್ಕೆ ಸ್ವಾಮಿ" ಎನ್ನುತ್ತಾರೆ. ಲೆಕ್ಕ ಸರಿ, ಆದರೆ ಹೊಸತಲ್ಲ. ಈ ಕೆಲಸದಲ್ಲಿ ನನಗೆ ಇಂಥ ಪಾಯಸ ಬಹಳ ಸಲ ಸಿಕ್ಕಿದೆ.

ಕಷ್ಟವಿರುವುದು ಭಾಗಾಕಾರದಲ್ಲಲ್ಲ, ಎಣಿಕೆಯಲ್ಲಿ. 10,000 ಬಗೆಯ ಸರಕಿರುವ ದೊಡ್ಡ ಅಂಗಡಿಯಲ್ಲಿ ಎರಡೆರಡರ ಜೋಡಿಗಳೇ ಸುಮಾರು 5 ಕೋಟಿ. ಮೂರು ಮೂರು ಸೇರಿಸಿದರೆ 16 ಸಾವಿರ ಕೋಟಿ ದಾಟುತ್ತದೆ. ರಾಕೇಶ್ ಅಗರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ 1994ರಲ್ಲಿ ಐಬಿಎಂನ ಆಲ್ಮಡೆನ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಪ್ರಕಟಿಸಿದ ಅಪ್ರಿಯೋರಿ ಎಂಬ ವಿಧಾನ ಇದಕ್ಕೊಂದು ದಾರಿ ಮಾಡಿತು. ಅದರ ಜಾಣತನ ಸರಳವಾದದ್ದು. ಒಂದು ಜೋಡಿಯೇ ಅಪರೂಪವಾಗಿದ್ದರೆ ಅದಕ್ಕೆ ಮೂರನೆಯದನ್ನು ಸೇರಿಸಿದ ಗುಂಪು ಹೆಚ್ಚು ಸಲ ಕಾಣುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಅದನ್ನು ಎಣಿಸಲೇಬೇಡಿ. ಕೋಟಿಗಟ್ಟಲೆ ಎಣಿಕೆ ಈ ಒಂದು ಮಾತಿನಿಂದ ತಪ್ಪಿತು.

ಬಿಯರ್ ಮತ್ತು ಡೈಪರ್ ಕಥೆ ನಿಜವೇ?

ಅರ್ಧ ನಿಜ. ಮಗುವಿಗೆ ಡೈಪರ್ ತರಲು ಸಂಜೆ ಹೊರಟ ಅಪ್ಪಂದಿರು ಜೊತೆಗೆ ಬಿಯರ್ ಕೊಳ್ಳುತ್ತಾರೆ, ಇದನ್ನು ಕಂಡುಹಿಡಿದ ಅಂಗಡಿ ಎರಡನ್ನೂ ಅಕ್ಕಪಕ್ಕ ಇಟ್ಟು ಲಾಭ ಮಾಡಿಕೊಂಡಿತು ಎನ್ನುವುದು ಕಥೆ. ನಡೆದದ್ದು ಹೀಗೆ: 1992ರಲ್ಲಿ ಥಾಮಸ್ ಬ್ಲಿಶಾಕ್ ಎಂಬವರ ತಂಡ ಅಮೆರಿಕದ ಆಸ್ಕೊ ಡ್ರಗ್ ಎಂಬ ಔಷಧ ಅಂಗಡಿ ಸರಣಿಯ ಸುಮಾರು 25 ಮಳಿಗೆಗಳ 12 ಲಕ್ಷ ಬಿಲ್ಲುಗಳನ್ನು ಜಾಲಾಡಿತು. ಸಂಜೆ 5ರಿಂದ 7ರ ನಡುವೆ ಬಿಯರ್ ಮತ್ತು ಡೈಪರ್ ಜೊತೆಯಾಗಿ ಹೋಗುವುದು ಅಲ್ಲಿ ಕಂಡಿತು. ಮಳಿಗೆಯವರು ಯಾವುದನ್ನೂ ಪಕ್ಕಕ್ಕೆ ತಂದಿಡಲಿಲ್ಲ. ಅಪ್ಪಂದಿರೂ ಲಾಭವೂ ಆಮೇಲೆ ಸೇರಿಕೊಂಡವು. ಬಿಲ್ಲಿನಲ್ಲಿ ಕೊಂಡವರು ಅಪ್ಪನೋ ಅಜ್ಜಿಯೋ ಎಂದು ಬರೆದಿರುವುದಿಲ್ಲವಲ್ಲ!

ಈ ಕೆಲಸದಲ್ಲಿ ಅತಿ ಹೆಚ್ಚು ಸಮಯ ಯಾವುದಕ್ಕೆ ಹೋಗುತ್ತದೆ?

ಕಸ ಗುಡಿಸುವುದಕ್ಕೆ. ಶೀರ್ಷಿಕೆಯಲ್ಲಿರುವ ಜೂನ್ 1ರ ಸಂಗತಿ ಬರುವುದೂ ಇಲ್ಲೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಒಂದು ಗ್ರಾಹಕರ ಪಟ್ಟಿ ಕೊಟ್ಟಿದ್ದರು. ಹುಟ್ಟುಹಬ್ಬದ ಶುಭಾಶಯ ಕಳುಹಿಸಲು ಯಾವ ದಿನಕ್ಕೆ ಎಷ್ಟು ಸಂದೇಶ ಬೇಕೆಂದು ಅಂದಾಜಿಸುವುದು ಕೆಲಸ. ವರ್ಷದ ದಿನಗಳನ್ನೆಲ್ಲ ಕಂಬಗಳಾಗಿ ಚಿತ್ರಿಸಿದೆ. ಉಳಿದವೆಲ್ಲ ಬೇಲಿಗೂಟದ ಹಾಗೆ ಸಾಲಾಗಿ ನಿಂತಿದ್ದರೆ ಜೂನ್ 1 ಮಾತ್ರ ಗರುಡಗಂಬದಂತೆ ಎದ್ದಿತ್ತು. ಹಿಂದಿನ ಸೆಪ್ಟೆಂಬರಿನಲ್ಲಿ ಏನು ನಡೆದಿರಬಹುದೆಂದು ನಾನು ಗಂಭೀರವಾಗಿ ಯೋಚಿಸುತ್ತಿದ್ದಾಗ ಪಕ್ಕದ ಮೇಜಿನ ಹಿರಿಯರೊಬ್ಬರು ಇಣುಕಿ ನೋಡಿ, "ನನ್ನದೂ ಜೂನ್ ಒಂದೇ ಕಣಯ್ಯಾ. ಮೇಷ್ಟರು ಬರೆದದ್ದು" ಎಂದರು.

ಅಪ್ಪ ಅಮ್ಮನಿಗೆ ತಾರೀಖು ನೆನಪಿರದ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ವಯಸ್ಸು ಕೂಡಿಬರುವಂತೆ ಮೇಷ್ಟರೇ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಶಾಲೆ ಶುರುವಾಗುವ ತಿಂಗಳು ತಾನೇ. ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ಅಲ್ಲಿಂದ ಎಲ್ಲ ದಾಖಲೆಗಳಿಗೂ ಹರಡಿತು. ಜನವರಿ 1ರ ಕಂಬವೂ ಎತ್ತರವೇ. ಬರೀ ವಯಸ್ಸು ಹೇಳಿದವರಿಗೆ ತಂತ್ರಾಂಶ ತಾನೇ ಹಾಕಿಕೊಡುವ ದಿನ ಅದು. ಅಂದರೆ ಆ ಪಟ್ಟಿಯಲ್ಲಿ ನಾನು ಕಂಡದ್ದು ಜನ ಹುಟ್ಟಿದ ಬಗೆಯನ್ನಲ್ಲ, ಅರ್ಜಿ ತುಂಬಿದ ಬಗೆಯನ್ನು. ಅಂದಿನಿಂದ ಯಾವ ಡೇಟಾಬೇಸ್ ಬಂದರೂ ಇದನ್ನು ತುಂಬಿದವರು ಯಾರು, ತುಂಬುವಾಗ ಅವರಿಗೆ ಏನು ಅವಸರವಿತ್ತು ಎಂದು ಮೊದಲು ಕೇಳುತ್ತೇನೆ.

ಊರಿನ ಹೆಸರುಗಳದ್ದು ಇನ್ನೊಂದು ಕಥೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯದನ್ನೂ ಹೊಸದನ್ನೂ ಜೋಡಿಸದೆ ತಯಾರಿಸಿದ ವರದಿಯೊಂದರಲ್ಲಿ ಗುಲ್ಬರ್ಗದ ವ್ಯಾಪಾರ ನೆಲಕಚ್ಚಿ, ಕಲಬುರಗಿ ಎಂಬ ಹೊಸ ಊರು ದಿಢೀರನೆ ಮೇಲೆದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಬ್ಬರೇ ಎರಡು ಹೆಸರಿನಲ್ಲಿ ಇದ್ದರೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲವೇ?

ತಾನಾಗಿ ಗೊತ್ತಾಗುವುದಿಲ್ಲ, ಹೇಳಿಕೊಡಬೇಕು. ಹೇಳಿಕೊಡಲು ಹೋದವರಿಗೆ ನಮ್ಮ ಹೆಸರುಗಳು ನೀರಿಳಿಸುತ್ತವೆ. ಹಳೇ ಮೈಸೂರಿನ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಹೆಸರಿನ ಮುಂದೆ ನಿಲ್ಲುತ್ತವೆ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಗೆ ಬರುತ್ತದೆ. ಅರ್ಜಿಯ ನಮೂನೆ ಮಾತ್ರ ಎಲ್ಲರಿಂದಲೂ "ಮೊದಲ ಹೆಸರು, ಕೊನೆಯ ಹೆಸರು" ಎಂದು ಕೇಳುತ್ತದೆ.

ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಎಂಬ ಹಳೆಯ ವಿಧಾನ ಇಂದಿಗೂ ಅನೇಕ ಡೇಟಾಬೇಸ್‌ಗಳಲ್ಲಿದೆ. ಕಾಗುಣಿತ ಬೇರೆಯಾದರೂ ಉಚ್ಚಾರ ಹತ್ತಿರವಿದ್ದರೆ ಒಂದೇ ಸಂಕೇತ ಕೊಡುವುದು ಅದರ ಉದ್ದೇಶ. ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಕೈಬಿಟ್ಟು, ವ್ಯಂಜನಗಳಿಗೆ ಅಂಕಿ ಹಾಕುತ್ತದೆ. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಕೆ, ಎಸ್, ಎಚ್ ಹಾಕಿ ಬರೆಯಿರಿ, ಇಲ್ಲವೇ ಒಂದೇ ಎಕ್ಸ್ ಹಾಕಿ ಬರೆಯಿರಿ, ಎರಡಕ್ಕೂ ಎಲ್ 250 ಎಂದೇ ಬರುತ್ತದೆ. ಭೇಷ್. ಈಗ ಬಸವರಾಜನನ್ನು ಕರೆಯೋಣ. ನಡುವಿನ "ವ"ಕ್ಕೆ ವಿ ಅಕ್ಷರ ಬಳಸಿದರೆ ಬಿ 216. ಕಲಬುರಗಿ ಕಡೆಯ ಹಲವರಂತೆ ಡಬ್ಲ್ಯೂ ಬಳಸಿದರೆ ಬಿ 262. ಲಕ್ಷ್ಮಿ ಪಾಸು, ಬಸವರಾಜ ನಪಾಸು. ವಿ ಮತ್ತು ಡಬ್ಲ್ಯೂ ಬೇರೆಬೇರೆ ಎಂದು ನಂಬಿದ ಊರಿನಲ್ಲಿ ಹುಟ್ಟಿದ ವಿಧಾನ ಅದು. ಕನ್ನಡದ ಕಿವಿಗೆ ಎರಡೂ ಒಂದೇ ವಕಾರ. ಇಂಥ ಕಡೆ ಯಂತ್ರಕ್ಕಿಂತ ಮೊದಲು ನಮ್ಮ ಕಿವಿಯನ್ನು ನಂಬಿ ನಿಯಮ ಬರೆದುಕೊಳ್ಳಬೇಕು.

ಸರಾಸರಿ ತೆಗೆದು ನೋಡಿದರೆ ಸಾಲದೇ?

ಸರಾಸರಿಯಷ್ಟು ಸಭ್ಯವಾಗಿ ಸುಳ್ಳು ಹೇಳುವುದು ಬೇರೊಂದಿಲ್ಲ. ಶಿರಸಿಯ ಅಡಿಕೆ ಮಾರುಕಟ್ಟೆಯ ಧಾರಣೆ ಪಟ್ಟಿ ನೋಡಿದವರಿಗೆ ಗೊತ್ತು, ಅಲ್ಲಿ "ಅಡಿಕೆ" ಎಂಬ ಒಂದು ಸರಕೇ ಇಲ್ಲ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು ಹೀಗೆ ಒಂದೊಂದಕ್ಕೆ ಒಂದೊಂದು ದರ. ಲೆಕ್ಕಕ್ಕೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ. ಸೋಮವಾರ 80 ಕ್ವಿಂಟಲ್ ರಾಶಿ 48,000ಕ್ಕೂ 20 ಕ್ವಿಂಟಲ್ ಬಿಳಿಗೋಟು 25,000ಕ್ಕೂ ಹೋಯಿತು. ಸರಾಸರಿ ಕ್ವಿಂಟಲ್‌ಗೆ 43,400. ಗುರುವಾರ ರಾಶಿ 49,000ಕ್ಕೂ ಬಿಳಿಗೋಟು 26,000ಕ್ಕೂ ಏರಿತು. ಆದರೆ ಬಂದದ್ದು 30 ಕ್ವಿಂಟಲ್ ರಾಶಿ, 70 ಕ್ವಿಂಟಲ್ ಬಿಳಿಗೋಟು. ಸರಾಸರಿ 32,900. ಎರಡೂ ಬಗೆಗೆ ಸಾವಿರ ರೂಪಾಯಿ ಏರಿದ ದಿನವೇ "ಅಡಿಕೆ ಧಾರಣೆ ಕುಸಿತ" ಎಂದು ಯಂತ್ರ ಬೊಬ್ಬೆ ಹೊಡೆಯುತ್ತದೆ.

ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂದು ಹೆಸರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶಾತಿಯಲ್ಲೂ ಹೀಗೇ ಆಯಿತು. ಅರ್ಜಿ ಹಾಕಿದ ಗಂಡಸರಲ್ಲಿ ನೂರಕ್ಕೆ 44 ಮಂದಿಗೆ ಸೀಟು ಸಿಕ್ಕಿದರೆ ಹೆಂಗಸರಲ್ಲಿ 35 ಮಂದಿಗೆ. ವಿಭಾಗವಾರು ಬಿಡಿಸಿದಾಗ ತಾರತಮ್ಯ ಹೆಚ್ಚು ಕಡಿಮೆ ಮಾಯವಾಯಿತು. ಸೀಟು ಸಿಗುವುದೇ ಕಷ್ಟವಾಗಿದ್ದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಡೇಟಾ ಹೆಚ್ಚಿದಷ್ಟೂ ಉತ್ತರ ಖಚಿತವಾಗುತ್ತದೆ ಅಲ್ಲವೇ?

ಸುಳ್ಳು ಉತ್ತರಗಳೂ ಹೆಚ್ಚುತ್ತವೆ. ನೂರರಲ್ಲಿ ಐದು ಸಲ ಆಕಸ್ಮಿಕವಾಗಿ ಆಗಬಹುದಾದದ್ದನ್ನು "ಸಿಕ್ಕಿತು" ಎಂದು ಒಪ್ಪಿಕೊಳ್ಳುವ ಪದ್ಧತಿಯಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಸಾವಿರ ಜೋಡಿಗಳನ್ನು ಹೀಗೆ ಪರೀಕ್ಷಿಸಿದರೆ ಸುಮಾರು 50 "ಸಿಕ್ಕಿಬಿಡುತ್ತವೆ". ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ಸತ್ತ ಸಾಲ್ಮನ್ ಮೀನೊಂದನ್ನು ಮಿದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿಟ್ಟು ಮನುಷ್ಯರ ಚಿತ್ರಗಳನ್ನು ತೋರಿಸಿದರು. ಸಾವಿರಾರು ಬಿಂದುಗಳನ್ನು, ಇಂಥ ಆಕಸ್ಮಿಕಗಳಿಗೆ ಮಾಡಬೇಕಾದ ತಿದ್ದುಪಡಿಯಿಲ್ಲದೆ ಹೋಲಿಸಿದಾಗ ಮೀನು ಯೋಚಿಸುತ್ತಿರುವಂತೆ ಕಂಡಿತು! ತಿದ್ದುಪಡಿ ಮಾಡಿದ ಮೇಲೆ ಮೀನು ಮತ್ತೆ ಸತ್ತಿತು.

ಇನ್ನೂ ದೊಡ್ಡ ಪಾಠ ಗೂಗಲ್ ಫ್ಲೂ ಟ್ರೆಂಡ್ಸ್‌ನದು. 2008ರಲ್ಲಿ ಆರಂಭವಾದ ಈ ವ್ಯವಸ್ಥೆ, ಜನ ಏನು ಹುಡುಕುತ್ತಾರೆ ಎಂಬುದರಿಂದ ಅಮೆರಿಕದಲ್ಲಿ ಫ್ಲೂ ಎಷ್ಟು ಹರಡಿದೆ ಎಂದು ಹೇಳುತ್ತಿತ್ತು. ಸುಮಾರು 5 ಕೋಟಿ ಹುಡುಕು ಪದಗಳನ್ನು ಸೋಸಿ 45ನ್ನು ಆರಿಸಿಕೊಂಡಿದ್ದರು. 2009ರ ವಸಂತದ ಎಚ್1ಎನ್1 ಅದಕ್ಕೆ ಸರಿಯಾಗಿ ಕಾಣಲೇ ಇಲ್ಲ. 2012ರ ಚಳಿಗಾಲದಲ್ಲಿ ನಿಜಕ್ಕಿಂತ ಸುಮಾರು ಎರಡು ಪಟ್ಟು ಹೇಳಿತು. 2015ರಲ್ಲಿ ನಿಂತಿತು. ಚಳಿಗಾಲದಲ್ಲಿ ಫ್ಲೂ ಏರುತ್ತದೆ, ಚಳಿಗಾಲದ ಆಟೋಟದ ಹುಡುಕಾಟಗಳೂ ಏರುತ್ತವೆ. ಯಾವುದು ಜ್ವರ, ಯಾವುದು ಋತು ಎಂದು ಬೇರ್ಪಡಿಸುವುದು ಸುಲಭವಲ್ಲ.

ಹಾಗಾದರೆ ನಿಜವಾಗಿ ಹೊಸದೇನಾದರೂ ಸಿಕ್ಕಿದ ಉದಾಹರಣೆ ಇದೆಯೇ?

ಇದೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಡಾನ್ ಸ್ವಾನ್ಸನ್ ಅವರದು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಇವರು ವೈದ್ಯರಲ್ಲ. ವೈದ್ಯಕೀಯ ಲೇಖನಗಳ ಡೇಟಾಬೇಸಿನಲ್ಲಿ ಓದುತ್ತಾ ಓದುತ್ತಾ ಎರಡು ಗುಂಪುಗಳನ್ನು ಗಮನಿಸಿದರು. ಒಂದು ಗುಂಪಿನ ಲೇಖನಗಳು ಮೀನೆಣ್ಣೆ ರಕ್ತದ ಮಂದತ್ವವನ್ನು ಇಳಿಸುತ್ತದೆ ಎನ್ನುತ್ತಿದ್ದವು. ಇನ್ನೊಂದು ಗುಂಪು, ಚಳಿಗೆ ಬೆರಳುಗಳು ಬಿಳಚಿಕೊಳ್ಳುವ ರೇನೋ ಕಾಯಿಲೆಯವರಲ್ಲಿ ರಕ್ತ ಮಂದವಾಗಿರುತ್ತದೆ ಎನ್ನುತ್ತಿತ್ತು. ಈ ಕಡೆಯವರು ಆ ಕಡೆಯವರನ್ನು ಓದಿರಲಿಲ್ಲ, ಉಲ್ಲೇಖಿಸಿಯೂ ಇರಲಿಲ್ಲ. ಎರಡನ್ನೂ ಕೂಡಿಸಿ, ಮೀನೆಣ್ಣೆ ಈ ಕಾಯಿಲೆಗೆ ನೆರವಾಗಬಹುದು ಎಂದು ಸ್ವಾನ್ಸನ್ 1986ರಲ್ಲಿ ಬರೆದರು. 1989ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಪ್ರಯೋಗದಲ್ಲಿ ಕಾಯಿಲೆಯ ಒಂದು ಬಗೆಗೆ ಉಪಯೋಗ ಕಂಡುಬಂತು. ಎಲ್ಲವೂ ಅಚ್ಚಾಗಿ ಕಪಾಟಿನಲ್ಲಿತ್ತು, ಆದರೂ ಯಾರಿಗೂ ಗೊತ್ತಿರಲಿಲ್ಲ.

ಆಕಾಶದ ಉದಾಹರಣೆ ಬೇಕಾದರೆ 2017ರ ಡಿಸೆಂಬರಿನಲ್ಲಿ ಪ್ರಕಟವಾದ ಕೆಪ್ಲರ್-90ಐ ಗ್ರಹ. ಕೆಪ್ಲರ್ ದೂರದರ್ಶಕ ಕಳುಹಿಸಿ ಎಷ್ಟೋ ವರ್ಷಗಳಾಗಿದ್ದ ದಾಖಲೆಗಳೊಳಗೆ ಕ್ರಿಸ್ಟೋಫರ್ ಶಾಲೂ ಮತ್ತು ಆಂಡ್ರ್ಯೂ ವಾಂಡರ್‌ಬರ್ಗ್ ಯಂತ್ರಕಲಿಕೆಯ (ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ತಂತ್ರಾಂಶದ) ಸಹಾಯದಿಂದ ಅದನ್ನು ಹೆಕ್ಕಿ ತೆಗೆದರು. ಆ ನಕ್ಷತ್ರಕ್ಕೆ ಅದು ಎಂಟನೆಯ ಗ್ರಹ.

ಹೆಸರು ಅಳಿಸಿ ಡೇಟಾ ಕೊಟ್ಟರೆ ಗೋಪ್ಯತೆ ಉಳಿಯುತ್ತದೆಯೇ?

ಉಳಿಯುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ದಿನಾಂಕ, ಲಿಂಗ ಮತ್ತು ಐದಂಕಿಯ ಅಂಚೆ ಸಂಖ್ಯೆ ಇಷ್ಟಿದ್ದರೆ ನೂರಕ್ಕೆ 87 ಮಂದಿಯನ್ನು ಗುರುತಿಸಬಹುದು ಎಂದು ಲತಾನ್ಯಾ ಸ್ವೀನಿ ಅಂದಾಜಿಸಿದರು. ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿದ್ದ ವಿಲಿಯಂ ವೆಲ್ಡ್ ಅವರ ಆಸ್ಪತ್ರೆ ದಾಖಲೆಯನ್ನು, ಹೆಸರು ಅಳಿಸಿ ಬಿಡುಗಡೆಯಾಗಿದ್ದ ಪಟ್ಟಿಯನ್ನು ಮತದಾರರ ಪಟ್ಟಿಯ ಜೊತೆ ಹೊಂದಿಸಿ ಸ್ವೀನಿ ಪತ್ತೆಹಚ್ಚಿದ್ದರು. ಅದಕ್ಕೆ ಬೇಕಾದ ಮತದಾರರ ಪಟ್ಟಿಗೆ ತಗಲಿದ ಖರ್ಚು 20 ಡಾಲರ್. ಜೂನ್ 1ರಂದು "ಹುಟ್ಟಿದ" ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ಮೇಷ್ಟರು ಉಪಕಾರವನ್ನೇ ಮಾಡಿದ್ದಾರೆ. ಅಷ್ಟು ಜನರ ನಡುವೆ ಒಬ್ಬರನ್ನು ಬೇರೆ ಮಾಡುವುದು ಸುಲಭವಲ್ಲ.

ನೆಟ್‌ಫ್ಲಿಕ್ಸ್ 2006ರಲ್ಲಿ 10 ಲಕ್ಷ ಡಾಲರ್ ಬಹುಮಾನದ ಸ್ಪರ್ಧೆಗೆಂದು ಪ್ರೇಕ್ಷಕರು ಸಿನಿಮಾಗಳಿಗೆ ಕೊಟ್ಟ ಸುಮಾರು 10 ಕೋಟಿ ಅಂಕಗಳನ್ನು ಹೆಸರಿಲ್ಲದೆ ಹೊರಬಿಟ್ಟಿತು. ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್, ಬೇರೆಡೆ ಜನ ಬಹಿರಂಗವಾಗಿ ಬರೆದ ಸಿನಿಮಾ ವಿಮರ್ಶೆಗಳ ಜೊತೆ ಹೊಂದಿಸಿ ಕೆಲವರನ್ನು ಗುರುತಿಸಿ ತೋರಿಸಿದರು. ಎರಡನೆಯ ಸ್ಪರ್ಧೆಯನ್ನು 2010ರಲ್ಲಿ ಕೈಬಿಡಲಾಯಿತು.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಸಂಸತ್ತು ಕಾಯ್ದೆ ಮಾಡಿದ್ದು 2023ರಲ್ಲಿ.

ಎಐ ಬಂದ ಮೇಲೆ ಇದೆಲ್ಲ ಹಳೆಯದಾಗಲಿಲ್ಲವೇ?

ಹೆಸರು ಹಳೆಯದಾಯಿತು. ಕೆಲಸ ಹಾಗೇ ಇದೆ. ಮೊದಲು ಯಂತ್ರ ತಪ್ಪನ್ನು ಕೋಷ್ಟಕದಲ್ಲಿ ಹೇಳುತ್ತಿತ್ತು, ಈಗ ಒಳ್ಳೆಯ ಗದ್ಯದಲ್ಲಿ ಹೇಳುತ್ತದೆ.

ಕಲಿಯಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಮೊದಲು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆ. ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಅಥವಾ ಕೋಡ್ ಬರೆಯುವುದು ಬೇಡವೆಂದರೆ ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ ವೆಕಾ ತಂತ್ರಾಂಶ. ಹಾರಲಾರದ ಹಕ್ಕಿಯೊಂದರ ಹೆಸರು ಅದಕ್ಕೆ. ಪಠ್ಯಗಳಲ್ಲಿ ಬರುವ 150 ಐರಿಸ್ ಹೂಗಳ ಅಳತೆಯ ಪಟ್ಟಿ ಅಭ್ಯಾಸಕ್ಕೆ ಚೆನ್ನ, ಆದರೆ ಅದು ತೊಳೆದಿಟ್ಟ ತರಕಾರಿ. ಮಣ್ಣು ಮೆತ್ತಿದ್ದು ಬೇಕಾದರೆ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ಸಿಗುವ ಕೃಷಿ ಮಾರುಕಟ್ಟೆಗಳ ದಿನನಿತ್ಯದ ಧಾರಣೆ ತೆಗೆದುಕೊಳ್ಳಿ. ನಿಮಗೆ ಗೊತ್ತಿರುವ ಒಂದು ಬೆಳೆ, ಗೊತ್ತಿರುವ ಒಂದು ಮಾರುಕಟ್ಟೆ ಆರಿಸಿ. ತಪ್ಪು ಉತ್ತರ ಬಂದಾಗ ತಪ್ಪೆಂದು ಗೊತ್ತಾಗಬೇಕಲ್ಲ.

ನನ್ನದು ಸಣ್ಣ ಅಂಗಡಿ. ನನಗೆ ಇದು ಬೇಕೇ?

ದಿನಕ್ಕೆ ಐವತ್ತು ಬಿಲ್ ಆಗುವ ಕಡೆ ಬೇಡ. ಯಾರು ಯಾವಾಗ ಏನು ಒಯ್ಯುತ್ತಾರೆ ಎಂಬುದು ನಿಮ್ಮ ತಲೆಯಲ್ಲಿದೆ, ಯಾರು ಬಾಕಿ ತೀರಿಸುತ್ತಾರೆ ಎಂಬುದು ಉದ್ರಿ ಪುಸ್ತಕದಲ್ಲಿದೆ. ಮುಂದೆ ಅಂಗಡಿಯನ್ನು ಮಗಳ ಕೈಗೆ ಕೊಡುವ ಯೋಚನೆಯಿದ್ದರೆ ಮಾತ್ರ ಒಂದು ಕೆಲಸ ಮಾಡಿ. ಅವಸರದಲ್ಲಿ ಶಾವಿಗೆಯನ್ನೂ ಸೋಪನ್ನೂ "ಇತರೆ" ಎಂದು ಬಿಲ್ಲಿಗೆ ಒತ್ತುವುದನ್ನು ಇವತ್ತಿನಿಂದಲೇ ಬಿಡಿ.